ಮಿಸ್ ಶೀಲಾಳ ಸಹಿ

ಸಾದಲಿಯ ಆರೋಗ್ಯ ಉಪಕೇಂದ್ರದ ಶ್ಯಾಮಲಮ್ಮನೆಂದರೆ ಊರಿನವರಿಗೆ ಗೌರವಕ್ಕಿಂತ ಭಯವೇ ಹೆಚ್ಚು. ಕೂಸಿಗೆ ಲಸಿಕೆ ಹಾಕಿಸದೆ ತಪ್ಪಿಸಿಕೊಂಡ ತಾಯಂದಿರನ್ನು ಹಿಪ್ಪುನೇರಳೆ ತೋಟದವರೆಗೂ ಹುಡುಕಿಕೊಂಡು ಹೋಗಿ, ಬೈದು, ಮುಂದೆ ಹಾಕಿಕೊಂಡು ಬರುತ್ತಿದ್ದಳು. ನಲವತ್ತೆರಡು ದಾಟಿತ್ತು. ಬಿಗಿಯಾಗಿ ಕಟ್ಟಿದ ಜಡೆ, ಹೆಗಲಿಗೊಂದು ಕಪ್ಪು ಚೀಲ, ನಗದ ಮುಖ. ಈ ಹೆಂಗಸು ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಡಿಸ್ಕೊ ಹಾಡುತ್ತಿದ್ದಳು ಎಂದರೆ ಸಾದಲಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ.

ಎರಡು ಸಾವಿರದ ಏಳನೆಯ ಇಸವಿ, ಜುಲೈ ತಿಂಗಳ ಒಂದು ಗುರುವಾರ ಮಧ್ಯಾಹ್ನ ಅವಳು ಲಸಿಕೆಯ ಡಬ್ಬಿ ಮುಚ್ಚುತ್ತಿದ್ದಾಗ ಅಣ್ಣ ಕೆಂಪರಾಜು ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಮೈಸೂರುಪಾಕಿನ ಡಬ್ಬಿ. ಕಂಕುಳಲ್ಲಿ ಒಂದು ಕವರು. ಹನ್ನೊಂದು ವರ್ಷಗಳಿಂದ ಅಣ್ಣ ತಂಗಿಯ ನಡುವೆ ಮಾತಿರಲಿಲ್ಲ.

"ಚೆನ್ನಾಗಿದ್ದೀಯೇನಮ್ಮ?" ಎಂದ.

"ಯಾರಿಗೆ ಹುಷಾರಿಲ್ಲ?" ಎಂದಳು ಶ್ಯಾಮಲಮ್ಮ. ಕೂರು ಎನ್ನಲಿಲ್ಲ.

ಅವರ ಅಪ್ಪ ಆವಲಪ್ಪ ಚಿಂತಾಮಣಿಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವನು. ಮದುವೆ ಮೆರವಣಿಗೆಯಲ್ಲಿ ಊರೆಲ್ಲ ಅವನ ಹಿಂದೆ ಕುಣಿಯುತ್ತಿತ್ತು. ಊಟದ ಹೊತ್ತಿಗೆ ಮಾತ್ರ ಬ್ಯಾಂಡಿನವರ ಎಲೆ ಚಪ್ಪರದ ಆಚೆ ಬೀಳುತ್ತಿತ್ತು. ಅದನ್ನು ನುಂಗಿ ನುಂಗಿ ಸಾಕಾಗಿ ಅವನೊಂದು ದಿನ ಮನೆಯ ದೇವರ ಪಟಗಳನ್ನೆಲ್ಲ ಇಳಿಸಿ, ಬುದ್ಧನದೊಂದೇ ಪಟ ತೂಗುಹಾಕಿ, ಮಕ್ಕಳಿಬ್ಬರನ್ನೂ ಓದಿಗೆ ಹಚ್ಚಿದ. ಓದಿನ ಜೊತೆಗೆ ಅವನಿಗೆ ಗೊತ್ತಿಲ್ಲದ ಹಾಗೆ ಸಂಗೀತವೂ ಅಂಟಿಕೊಂಡಿತು. ಕೆಂಪರಾಜು ಕೀಬೋರ್ಡ್ ಕಲಿತ. ಶ್ಯಾಮಲ ಹಾಡಿದಳು.

ಚಿಂತಾಮಣಿಯಲ್ಲಿ ಆಗ ಆರ್ಕೆಸ್ಟ್ರಾ ಕಟ್ಟಿದ್ದವನು ಮುರಳಿಮೋಹನ್. ಅವನ ಮನೆಯವರಿಗೆ ರೇಷ್ಮೆ ಕಾರ್ಖಾನೆ, ಮಾವಿನ ತೋಪು, ಸುತ್ತಲ ಹತ್ತು ಹಳ್ಳಿಗಳಲ್ಲಿ ಮಾತಿಗೆ ಬೆಲೆ. ಎಂಬತ್ತೈದರಲ್ಲಿ ಎಲ್ಲೆಲ್ಲೂ ಡಿಸ್ಕೊ ಹುಚ್ಚು. ವೇದಿಕೆಯ ಮೇಲೆ ಕನ್ನಡಿ ಚೂರು ಅಂಟಿಸಿದ ಉಂಡೆ ತಿರುಗದಿದ್ದರೆ ಜನ ಎದ್ದು ಹೋಗುತ್ತಿದ್ದರು. ನಾವೇ ಒಂದು ಡಿಸ್ಕೊ ಕ್ಯಾಸೆಟ್ ತರೋಣ ಎಂದು ಮುರಳಿಮೋಹನ್ ಹೊರಟ. ಎಂಟು ಹಾಡುಗಳಿಗೂ ರಾಗ ಕಟ್ಟಿದ್ದು ಕೆಂಪರಾಜು. ಡಿಸ್ಕೊ ತಾಳದ ಅಡಿಯಲ್ಲಿ ಅಪ್ಪನ ಬ್ಯಾಂಡ್‌ಸೆಟ್ಟಿನ ಏಟನ್ನು ಕೂರಿಸಿದ್ದ. ಅಂಥದ್ದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಮೂರು ದಿನ ರೆಕಾರ್ಡಿಂಗು. ಬಳೆ ಸದ್ದಾಗುತ್ತದೆಂದು ಶ್ಯಾಮಲಳ ಕೈ ಬೋಳು ಮಾಡಿಸಿ ಮೈಕಿನ ಮುಂದೆ ನಿಲ್ಲಿಸಿದರು. ಇಪ್ಪತ್ತು ವಯಸ್ಸಿನ ಹುಡುಗಿ, ಮೊದಲ ದಿನ ಹೆದರಿ ಬೆವರಿದಳು. ಮೂರನೆಯ ದಿನ 'ಮಿಂಚು ಬಂತು' ಎಂಬ ಹಾಡನ್ನು ಒಂದೇ ಉಸಿರಿಗೆ ಮುಗಿಸಿದಾಗ ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗಿನವನು ಎದ್ದು ನಿಂತಿದ್ದ. ಅಂಥ ದಿನ ತನಗೆ ಇನ್ನೊಂದು ಬರಲಿಲ್ಲ ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ.

ಎರಡು ತಿಂಗಳಿಗೆ ಕ್ಯಾಸೆಟ್ಟಿನ ಹೊದಿಕೆ ಅಚ್ಚಾಗಿ ಬಂತು. ಮೇಲೆ ಯಾರೋ ಬಿಳೀ ಹುಡುಗಿಯ ಚಿತ್ರ. ಕೆಳಗೆ 'ಸಂಗೀತ: ಮುರಳಿಮೋಹನ್. ಗಾಯನ: ಮಿಸ್ ಶೀಲಾ'.

"ನಿಮ್ಮ ಹೆಸರು ಹಾಕಿದ್ರೆ ಅಂಗಡಿಯವನು ಕೈಯಲ್ಲಿ ಮುಟ್ಟಲ್ಲ ಕಣಯ್ಯಾ," ಎಂದ ಮುರಳಿಮೋಹನ್. "ಬೇಕಾದ್ದು ಹಾಡು ತಾನೆ? ಹೆಸರು ಯಾರ್ದಾದ್ರೇನು?"

ಮಾರನೆಯ ದಿನ ಕೆಂಪರಾಜು ಕೀಬೋರ್ಡ್ ರಿಪೇರಿ ನೆಪದಲ್ಲಿ ಆರ್ಕೆಸ್ಟ್ರಾ ಕೋಣೆಗೆ ಹೋಗಿ, ಎಂಟೂ ಹಾಡುಗಳಿದ್ದ ಮೂಲ ಟೇಪಿನ ಸುರುಳಿಯನ್ನು ಎತ್ತಿಕೊಂಡು ಬಂದ. ಮುರಳಿಮೋಹನ್ ದೂರು ಕೊಟ್ಟ. ಪೊಲೀಸರು ಕೆಂಪರಾಜುವನ್ನು ಒಂದು ಹಗಲು ಕೂರಿಸಿಕೊಂಡು, ಮನೆಯೆಲ್ಲ ಜಾಲಾಡಿ, ಏನೂ ಸಿಗದೆ ಬಿಟ್ಟರು. ಸುರುಳಿಯ ತಗಡಿನ ಡಬ್ಬಿ ಅವರಮ್ಮ ಮುನಿಗಂಗಮ್ಮನ ರಾಗಿ ತುಂಬಿಡುವ ಮಣ್ಣಿನ ವಾಡೆಯ ತಳದಲ್ಲಿತ್ತು. ಕ್ಯಾಸೆಟ್ ನಿಂತುಹೋಯಿತು. ಅಂದಿನಿಂದ ಇಬ್ಬರೂ ಒಂದೇ ಊರಿನಲ್ಲಿ ಹಾವು ಮುಂಗುಸಿಯಂತೆ ಬದುಕಿದರು. ಕೆಂಪರಾಜು ಧ್ವನಿವರ್ಧಕದ ಅಂಗಡಿ ಇಟ್ಟರೆ, ಅವನನ್ನು ಕರೆಯಬೇಡಿ ಎಂದು ಮುರಳಿಮೋಹನ್ ಮದುವೆ ಮನೆಗಳಿಗೆ ಹೇಳಿ ಕಳಿಸುತ್ತಿದ್ದ. ಮುರಳಿಮೋಹನನ ಆರ್ಕೆಸ್ಟ್ರಾ ಎಲ್ಲಿ ನಡೆದರೂ ನಡುವೆ ವಿದ್ಯುತ್ ಹೋಗುತ್ತಿತ್ತು. ಅದು ಯಾರ ಕೆಲಸವೆಂದು ಊರಿಗೆಲ್ಲ ಗೊತ್ತಿತ್ತು.

ಶ್ಯಾಮಲಳನ್ನು ಮಾತ್ರ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಅವಳು ನರ್ಸ್ ತರಬೇತಿಗೆ ಸೇರಿದಳು, ಕೆಲಸ ಸಿಕ್ಕಿತು, ಶಿಡ್ಲಘಟ್ಟದ ಶಾಲೆಯ ಮೇಷ್ಟ್ರು ವೇಣುವನ್ನು ಮದುವೆಯಾದಳು.

ತೊಂಬತ್ತಾರರಲ್ಲಿ ಆವಲಪ್ಪ ಹಾಸಿಗೆ ಹಿಡಿದ. ಹೋಗುವ ನಾಲ್ಕು ದಿನ ಮುಂಚೆ, "ಶಾಮಿ ಹಾಡಿದ್ದು ಒಂದ್ಸಲ ಕೇಳಿಸ್ರೋ," ಎಂದ. ಸುರುಳಿಯಿಂದ ಇಳಿಸಿಕೊಂಡ ಒಂದು ಕ್ಯಾಸೆಟ್ಟೂ ಆ ತಗಡಿನ ಡಬ್ಬಿಯಲ್ಲೇ ಇತ್ತು. ಆದರೆ ಆಗ ಮುರಳಿಮೋಹನ್ ಎರಡನೆಯ ಸಲ ದೂರು ಕೊಟ್ಟಿದ್ದ. ಹಾಡು ಹೊರಗೆ ಕೇಳಿಸಿದರೆ ಟೇಪು ಇಲ್ಲೇ ಇದೆಯೆಂದು ಗೊತ್ತಾಗುತ್ತದೆ ಎಂದು ಕೆಂಪರಾಜು ಡಬ್ಬಿ ತೆಗೆಯಲಿಲ್ಲ. ಶ್ಯಾಮಲಮ್ಮ ಬೇಡಿದಳು, ಅತ್ತಳು. ಅವನು ಜಗ್ಗಲಿಲ್ಲ. ಅಪ್ಪ ಕೇಳದೆಯೇ ಹೋದ. ಮಣ್ಣು ಮಾಡಿ ಬಂದ ದಿನವೇ ಅವಳು ಬಸ್ಸು ಹತ್ತಿದವಳು, ಅಣ್ಣನ ಮನೆಗೆ ಮತ್ತೆ ಕಾಲಿಡಲಿಲ್ಲ.

ಆ ಅಣ್ಣ ಈಗ ಮೈಸೂರುಪಾಕು ಹಿಡಿದು ನಿಂತಿದ್ದ.

"ಟೇಪ್ ಆಚೆ ಬರ್ತೈತೆ ಕಣಮ್ಮ," ಎಂದ. "ಸಿ.ಡಿ. ಮಾಡ್ತಾವ್ರೆ. ಬೆಂಗಳೂರಲ್ಲಿ ಎಲ್ಲಾ ಕ್ಲೀನ್ ಮಾಡಿಸಿದೀವಿ. ಎರಡು ಹಾಡು ಹಾಳಾಗೋಗಿವೆ, ಆರು ಚೆನ್ನಾಗವೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗ್ತೈತಲ್ಲ, ಆ ಸಮಾರಂಭದಲ್ಲಿ ಬಿಡುಗಡೆ. ಹೊಸಾ ಜಿಲ್ಲೆಯ ಮೊದಲನೇ ಡಿಸ್ಕೊ ಆಲ್ಬಂ ಅಂತ."

ಶ್ಯಾಮಲಮ್ಮನ ಕೈ ತಡೆಯಿತು. ಹನ್ನೊಂದು ವರ್ಷದ ಸಿಟ್ಟಿನ ನಡುವೆಯೂ ಎದೆ ಒಮ್ಮೆ ಹಾರಿತು.

"ಯಾರು ಮಾಡ್ತಾ ಇರೋದು?"

ಕೆಂಪರಾಜು ನೆಲ ನೋಡಿದ. "ಮುರಳಿಮೋಹನ್. ರಾಜಿ ಆದ್ವಿ. ಎಷ್ಟು ದಿನ ಅಂತ ಕಿತ್ತಾಡೋದು, ಇಬ್ರಿಗೂ ವಯಸ್ಸಾಯ್ತು. ಕಂಪನಿಯವರು ಹಾಡಿದವರ ಒಪ್ಪಿಗೆ ಪತ್ರ ಕೇಳ್ತಾವ್ರೆ. ಇಲ್ಲೊಂದು ಸಹಿ ಹಾಕು, ಸಾಕು."

ಕವರಿನಿಂದ ಪತ್ರ ತೆಗೆದ. ಪತ್ರದ ಜೊತೆ ಹೊದಿಕೆಯ ನಮೂನೆಯೂ ಜಾರಿ ಮೇಜಿನ ಮೇಲೆ ಬಿತ್ತು. ಅವಳು ಎತ್ತಿ ನೋಡಿದಳು. 'ಸಂಗೀತ: ಕೆಂಪರಾಜು – ಮುರಳಿಮೋಹನ್' ಎಂದು ದಪ್ಪಕ್ಷರದಲ್ಲಿತ್ತು. ಇಬ್ಬರ ಫೋಟೊ ಅಕ್ಕಪಕ್ಕ. ಅದರ ಕೆಳಗೆ 'ಗಾಯನ: ಮಿಸ್ ಶೀಲಾ'.

ಅವಳು ಎರಡು ಸಲ ಓದಿದಳು.

"ನಿನ್ನ ಹೆಸರು ಬಂದೈತೆ," ಎಂದಳು.

"ಅದೂ... ಹಳೇ ಹೆಸರೇ ಇರ್ಲಿ, ಮಿಸ್ ಶೀಲಾ ಅಂದ್ರೆ ಒಂಥರಾ ಹಳೇ ಕಾಲದ್ದು ಅಂತ ಜನಕ್ಕೆ ಇಷ್ಟ ಆಗ್ತದೆ ಅಂದ್ರು. ನೀನು ಸರ್ಕಾರಿ ಕೆಲಸದಲ್ಲಿರೋಳು, ಡಿಸ್ಕೊ ಗಿಸ್ಕೊ ಅಂದ್ರೆ ನಿಂಗೇ ತೊಂದ್ರೆ ಅಂತ ನಾನೇ..."

"ನೀನೇ?"

"ನಾನೇ ಸುಮ್ನಾದೆ."

"ಹೆಸರಿಗೋಸ್ಕರ ತಾನೆ ನೀನು ಇಪ್ಪತ್ತೆರಡು ವರ್ಷ ಆ ಡಬ್ಬಿ ಮುಚ್ಚಿಟ್ಟಿದ್ದು? ಹೆಸರಿಗೋಸ್ಕರ ತಾನೆ ಅಪ್ಪಂಗೆ ಕೇಳಿಸ್ಲಿಲ್ಲ?"

ಶ್ಯಾಮಲಮ್ಮ ಪತ್ರವನ್ನು ಮಡಚಿ ಮೈಸೂರುಪಾಕಿನ ಡಬ್ಬಿಯ ಮೇಲಿಟ್ಟು ಅವನ ಕಡೆಗೆ ತಳ್ಳಿದಳು.

"ಇಷ್ಟು ವರ್ಷ ನೀವಿಬ್ರೂ ಹಿಡ್ಕೊಂಡಿದ್ರಿ. ಈಗ ನಾನು ಹಿಡ್ಕೋತೀನಿ. ಎದ್ದೋಗು."

ಅವನು ಕೂತೇ ಇರಲಿಲ್ಲ. ಹಾಗೆಯೇ ತಿರುಗಿ ಹೋದ.

ಒಂದು ವಾರಕ್ಕೆ ಮುರಳಿಮೋಹನನೇ ಕಾರಿನಲ್ಲಿ ಬಂದ. ಶಿಡ್ಲಘಟ್ಟದ ಮನೆಯ ಪಡಸಾಲೆಯಲ್ಲಿ, ವೇಣು ಎಳೆದು ಹಾಕಿದ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಕೂದಲು ಪೂರ್ತಿ ನರೆತಿತ್ತು, ಗತ್ತು ಹಾಗೆಯೇ ಇತ್ತು. ಮುಂದಿನ ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿದ್ದಾನೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

"ಏಮಮ್ಮಾ ಶ್ಯಾಮಲಾ, ಹಳೇದೆಲ್ಲ ಯಾಕೆ ಕೆದಕ್ತೀಯ? ಅವತ್ತು ಸ್ಟೇಜಿನ ಮೇಲೆ ನಿಂಗೂ ಒಂದು ಶಾಲು ಹೊದಿಸ್ತೀವಿ."

"ಯಾರಿಗೆ ಅಂತ ಹೊದಿಸ್ತೀರಿ, ಮುರಳಿಮೋಹನ್ ಅವರೇ? ಶೀಲಾಗಾ?"

ಮೊದಲೆಲ್ಲ ಅವಳು ಅವನನ್ನು ಮುರಳಣ್ಣ ಎನ್ನುತ್ತಿದ್ದಳು. ಪೂರ್ತಿ ಹೆಸರು ಕೇಳಿ ಅವನ ಮುಖ ಗಂಟಿಕ್ಕಿತು.

"ನೋಡಮ್ಮ, ನಾನಾಗಿ ಬಂದು ಕೂತಿದೀನಿ. ಸಾದಲಿಯಿಂದ ನಿನ್ನನ್ನ ಎತ್ತಿ ಗೌರಿಬಿದನೂರಿನ ಆಚೆ ಗಡಿಗೆ ಹಾಕಿಸೋದು ನಂಗೇನೂ ದೊಡ್ಡದಲ್ಲ."

"ಹಾಕ್ಸಿ. ಅಲ್ಲೂ ಮಕ್ಕಳು ಹುಟ್ತವೆ, ಅಲ್ಲೂ ಲಸಿಕೆ ಹಾಕ್ಬೇಕು."

ಅವನು ಎದ್ದ. ಕೊಟ್ಟ ಕಾಫಿ ಮುಟ್ಟಿರಲಿಲ್ಲ. ಕಾರು ಹೋದ ಮೇಲೆ ವೇಣು ಹೆದರಿ, "ಒಂದು ಸಹಿ ತಾನೆ, ಹಾಕಿ ಕೈ ತೊಳ್ಕೋಬಾರ್ದಾ?" ಎಂದ. ಅವಳು ಗಂಡನನ್ನು ನೋಡಿದ ನೋಟಕ್ಕೆ ಅವನು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಸಹಿಯಿಲ್ಲದೆ ಕೆಲಸ ಮುಂದೆ ಹೋಗುವುದಿಲ್ಲವೆಂದು ಅವಳು ನಿಶ್ಚಿಂತಳಾಗಿದ್ದಳು. ಆಗಸ್ಟಿನಲ್ಲಿ ಹೊಸ ಜಿಲ್ಲೆಯಾಯಿತು. ಸೆಪ್ಟೆಂಬರಿನ ಒಂದು ಸಂಜೆ ವೇಣು ಬಸ್ ನಿಲ್ದಾಣದಿಂದ ಬಂದವನು ಚೀಲದಿಂದ ಸಿ.ಡಿ. ತೆಗೆದು ಅವಳ ಮುಂದಿಟ್ಟ. ಅಂಗಡಿಯಲ್ಲಿ ಜೋರಾಗಿ ಹಾಕಿದ್ದರಂತೆ. ಬಿಡುಗಡೆ ಸಮಾರಂಭ ಹಿಂದಿನ ಭಾನುವಾರವೇ ಮುಗಿದಿತ್ತು. ಯಾವುದೋ ಹುಡುಗಿಗೆ ಮಿರಮಿರ ಬಟ್ಟೆ ತೊಡಿಸಿ, ಹಾಡಿಗೆ ತುಟಿ ಕುಣಿಸಲು ಬಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು.

ಅವಳು ಸಿ.ಡಿ. ಹಾಕಿ ಕೂತಳು. ಇಪ್ಪತ್ತೆರಡು ವರ್ಷಗಳ ನಂತರ ತನ್ನ ದನಿ ಕೇಳಿದಳು. ತೆಳ್ಳಗೆ, ಚೂಪಾಗಿ, ಯಾವ ಹೆದರಿಕೆಯೂ ಇಲ್ಲದ ದನಿ. ಅಪ್ಪನ ಬ್ಯಾಂಡಿನ ಏಟು ಅದರಡಿಯಲ್ಲಿ ನೆಲ ಗುದ್ದುತ್ತಿತ್ತು. ಖುಷಿಯಾಗಬೇಕಾಗಿತ್ತು. ಹಲ್ಲು ಕಚ್ಚಿಕೊಂಡು ಮೊದಲನೆಯ ಹಾಡು ಮುಗಿಸಿ ಎದ್ದಳು.

ಮಾರನೆಯ ದಿನ ಸಿ.ಡಿ.ಯ ಹಿಂದಿದ್ದ ನಂಬರಿಗೆ ಫೋನು ಮಾಡಿದಳು. "ಒಪ್ಪಿಗೆ ಪತ್ರ ನಮ್ಮ ಹತ್ರ ಇದೆಯಲ್ಲ ಮೇಡಂ," ಎಂದರು ಕಂಪನಿಯವರು. ಜೆರಾಕ್ಸ್ ಅಂಗಡಿಗೆ ಅದನ್ನು ಫ್ಯಾಕ್ಸ್ ಮಾಡಿಸಿಕೊಂಡಳು. 'ಮಿಸ್ ಶೀಲಾ' ಎಂದು ಯಾರೋ ದುಂಡಗೆ ಸಹಿ ಮಾಡಿದ್ದರು. ಪಕ್ಕದಲ್ಲಿ ಸಾಕ್ಷಿಯ ಸಹಿ. ಅದು ನಿಜವಾದ ಸಹಿ. ಅಣ್ಣ ಚಿಕ್ಕಂದಿನಲ್ಲಿ ಅವಳ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ ಉದ್ದ ಬಾಲದ 'ಕೆ' ಅವಳಿಗೆ ಗೊತ್ತಿರದೆ ಏನು.

ಶ್ಯಾಮಲಮ್ಮ ರಜೆ ಹಾಕಿ, ಆ ಹಾಳೆ ಹಿಡಿದು ಚಿಂತಾಮಣಿಗೆ ಹೋಗಿ, ಪೊಲೀಸ್ ಠಾಣೆಯಲ್ಲಿ ಇಬ್ಬರ ಮೇಲೂ ದೂರು ಬರೆದುಕೊಟ್ಟಳು. ಮೂರು ದಿನ ಓಡಾಡಿಸಿ, ನಾಲ್ಕನೆಯ ದಿನ ಸಬ್ ಇನ್ಸ್‌ಪೆಕ್ಟರು ಮೂವರನ್ನೂ ಎದುರಿಗೆ ಕೂರಿಸಿಕೊಂಡರು. ಮಧ್ಯಾಹ್ನ ಮೂರು ಗಂಟೆ. ಮುರಳಿಮೋಹನ್ ಕುರ್ಚಿಯಲ್ಲಿ, ಕೆಂಪರಾಜು ಬೆಂಚಿನ ತುದಿಯಲ್ಲಿ, ಶ್ಯಾಮಲಮ್ಮ ನಿಂತೇ ಇದ್ದಳು.

ಇನ್ಸ್‌ಪೆಕ್ಟರು ಸಿ.ಡಿ.ಯನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಇದ್ರಲ್ಲಿ ಹಾಡಿರೋದು ನೀವೇ ಅಂತ ಏನಮ್ಮ ಗ್ಯಾರಂಟಿ? ಶೀಲಾ ಅಂತ ಬೇರೆ ಯಾರೋ ಇರಬಹುದು."

"ಹಾಡಿ ತೋರಿಸ್ಲಾ ಸಾರ್?"

ಪೇದೆಗಳು ನಕ್ಕರು. ಅವಳು ಕಪ್ಪು ಚೀಲವನ್ನು ಮೇಜಿನ ಮೇಲಿಟ್ಟು, ಗೋಡೆಯ ಕಡೆಗೆ ನೋಡುತ್ತ ಶುರುಮಾಡಿದಳು.

"ಮಿಂಚು ಬಂತು ಮಿಂಚು ಬಂತು ಕಾಲ ಕೆಳಗೆ, ನೆಲವೇ ಎದ್ದು ಕುಣಿಯಿತಲ್ಲೋ ನಮ್ಮ ಬೀದಿಯೊಳಗೆ..."

ದನಿ ದಪ್ಪಗಾಗಿತ್ತು. ಮೇಲಿನ ಸ್ವರಕ್ಕೆ ಹೋಗುವಾಗ ಬಿರುಕು ಬಿಟ್ಟಿತು. ಅವಳು ನಿಲ್ಲಿಸಲಿಲ್ಲ, ಚರಣದ ಎರಡು ಸಾಲು ಪೂರ್ತಿ ಹಾಡಿದಳು. ಪೇದೆಗಳ ನಗು ನಿಂತಿತು. ಆದರೆ ಇನ್ಸ್‌ಪೆಕ್ಟರು ತಲೆಯಾಡಿಸಿದರು.

"ಸಿ.ಡಿ.ಯಲ್ಲಿರೋ ದನಿಗೂ ಇದಕ್ಕೂ ಹೋಲಿಕೆಯೇ ಇಲ್ವಲ್ಲಮ್ಮ. ಹಾಡು ಯಾರು ಬೇಕಾದ್ರೂ ಕಲ್ತ್ಕೋಬಹುದು." ಕೆಂಪರಾಜುವಿನ ಕಡೆ ತಿರುಗಿದರು. "ಏನಯ್ಯ, ನೀನು ಸಂಗೀತ ಮಾಡಿದೋನು. ಹಾಡಿದ್ದು ಯಾರು, ನೀನೇ ಹೇಳು."

ಕೆಂಪರಾಜು ತಂಗಿಯ ಮುಖ ನೋಡಲಿಲ್ಲ. ಹಾಡಿದ್ದು ಇವಳೇ ಎಂದರೆ ಸಹಿ ಸುಳ್ಳು ಎಂದಾಗುತ್ತದೆ, ಸಾಕ್ಷಿ ಹಾಕಿದ ತಾನು ಸಿಕ್ಕಿಬೀಳುತ್ತೇನೆ ಎಂದು ಅವನಿಗೆ ತಿಳಿದಿತ್ತು. ಗಂಟಲು ಸರಿಮಾಡಿಕೊಂಡ.

"ಶೀಲಾ ಅಂತ ಒಬ್ಳಿದ್ಲು ಸಾರ್. ಬೆಂಗಳೂರಿನೋಳು. ಇವ್ಳು ನನ್ನ ತಂಗಿ, ಕೋರಸ್‌ಗೆ ಬಂದಿದ್ಲು ಅಷ್ಟೆ."

ಶ್ಯಾಮಲಮ್ಮನಿಗೆ ಅಪ್ಪ ಸಾಯುವಾಗ ಡಬ್ಬಿ ತೆಗೆಯದಿದ್ದವನ ಮೇಲೆ ಸಿಟ್ಟಿತ್ತು ನಿಜ. ಆದರೆ ಆ ಸಿಟ್ಟಿನ ಒಳಗೆಲ್ಲೋ, ಅವನೂ ನೊಂದವನಲ್ಲವೇ ಎಂಬ ಒಂದು ಎಳೆ ಉಳಿದಿತ್ತು. ಅದು ಆ ಠಾಣೆಯಲ್ಲಿ ಕಡಿದುಬಿತ್ತು. ಅವಳು ಬಾಯಿ ತೆರೆಯುವ ಮುಂಚೆ ಮುರಳಿಮೋಹನ್ ಜೋರಾಗಿ ನಕ್ಕ.

"ಸುಳ್ಳು ಹೇಳ್ತಾವ್ನೆ ಸಾರ್. ಹಾಡಿದ್ದು ಇವಳೇ."

ಕೆಂಪರಾಜು ಗಕ್ಕನೆ ತಿರುಗಿದ.

"ಎಂಟೂ ಹಾಡು ಇವಳೇ ಹಾಡಿದ್ದು, ನಾನೇ ಎದುರಿಗೆ ಕೂತಿದ್ದೆ," ಎಂದ ಮುರಳಿಮೋಹನ್, ಶರ್ಟಿನ ಮಡಿಕೆ ಸರಿಮಾಡಿಕೊಳ್ಳುತ್ತ. "ತಂಗಿ ಸಹಿ ಹಾಕಿದ್ದಾಳೆ ಅಂತ ಪತ್ರ ತಂದು ಕೊಟ್ಟೋನು ಇವನು. ಅಣ್ಣನೇ ಸಾಕ್ಷಿ ಹಾಕಿದ ಮೇಲೆ ನಾನು ನಂಬದೇ ಇರ್ತೀನಾ? ಮೋಸ ಆಗಿದ್ರೆ ಅದು ನಂಗೂ ಆಗೈತೆ. ನನ್ನದೂ ಒಂದು ದೂರು ಬರ್ಕೊಳಿ ಸಾರ್, ಇವನ ಮೇಲೆ."

"ನೀನೇ ಅಲ್ಲವೇನೋ ಹೇಳಿದ್ದು? ನೀನೇ ಸಹಿ ಮಾಡಿಸು ಅಂತ—" ಕೆಂಪರಾಜು ಎದ್ದು ನಿಂತ. ಪೇದೆಯೊಬ್ಬ ಅವನ ಹೆಗಲು ಒತ್ತಿ ಕೂರಿಸಿದ.

ರಾಜಿಯಾದ ಕೆಲವೇ ತಿಂಗಳಲ್ಲಿ ಮುರಳಿಮೋಹನ್ ತನ್ನ ಹಳೆಯ ಹಗೆ ತೀರಿಸಿಕೊಂಡಿದ್ದ. ಅವನ ಕಣ್ಣಿನಲ್ಲಿ ಅದರ ತೃಪ್ತಿ ಶ್ಯಾಮಲಮ್ಮನಿಗೆ ಚೆನ್ನಾಗಿ ಕಾಣಿಸಿತು. ತನ್ನ ಪರವಾಗಿ ಸಿಕ್ಕ ಒಂದೇ ಒಂದು ಸಾಕ್ಷಿ ಇಂಥವನ ಬಾಯಿಂದ ಬಂತಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಆದರೂ ಬೇಡವೆನ್ನಲಿಲ್ಲ. "ಅವರು ಹೇಳಿದ್ದನ್ನ ಬರ್ಕೊಳಿ ಸಾರ್," ಎಂದಳು. "ಹಾಡಿದ್ದು ನಾನೇ ಅಂತ. ಸಹಿ ಹಾಕಿಸಿಬಿಡಿ."

ಮುರಳಿಮೋಹನ್ ಸಹಿ ಹಾಕಿದ.

ಮಾರನೆಯ ದಿನ ಬೆಳಿಗ್ಗೆ ಮುನಿಗಂಗಮ್ಮ ಶಿಡ್ಲಘಟ್ಟಕ್ಕೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ಬಾಗಿಲಲ್ಲೇ ಕೂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಒಡಹುಟ್ಟಿದೋನ ಮೇಲೆ ಕೇಸು ಹಾಕ್ತಾರೇನೇ? ಒಂದು ಹಾಡಿಗೋಸ್ಕರ ಅಣ್ಣನ್ನ ಜೈಲಿಗೆ ಕಳಿಸ್ತೀಯಾ?"

"ಒಂದು ಹಾಡಿಗೋಸ್ಕರ ಅಪ್ಪನ್ನ ಹಂಗೇ ಕಳಿಸಿದ್ನಲ್ಲ, ಆಗ ಯಾಕಮ್ಮ ನೀನು ಮಾತಾಡ್ಲಿಲ್ಲ?"

ಮುದುಕಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಡಬ್ಬಿ ಬಚ್ಚಿಟ್ಟಿದ್ದು ನಾನೇ ಅಲ್ಲವೇನೆ," ಎಂದಳು.

ಶ್ಯಾಮಲಮ್ಮ ಅಮ್ಮನಿಗೆ ತಿಂಡಿ ಹಾಕಿಕೊಟ್ಟಳು. ಅವಳು ತಿನ್ನುವವರೆಗೂ ಎದುರಿಗೆ ಕೂತು, ಆಮೇಲೆ ಹೇಳಿದಳು. "ಕೇಸು ವಾಪಸ್ ತಗೋತೀನಿ. ಆ ಟೇಪು ನನ್ನ ಮನೆಗೆ ಬರ್ಬೇಕು. ಸಿ.ಡಿ. ಮೇಲೆ ನನ್ನ ಹೆಸರು ಬರ್ಬೇಕು. ಇವೆರಡೂ ಆದ ಮೇಲೆ."

ಭಾನುವಾರ ಮುದುಕಿ ಮತ್ತೆ ಬಸ್ಸಿನಲ್ಲಿ ಬಂದಳು. ಸುರುಳಿಯ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಮಗ ಒಂದು ಮಾತು ಹೇಳಿ ಕಳಿಸಿದ್ದ. ಇನ್ನು ತನ್ನ ಹೆಣಕ್ಕೂ ಅವಳು ಬರಬಾರದಂತೆ. ಶ್ಯಾಮಲಮ್ಮ, "ಆಯ್ತು ಅಂತ ಹೇಳು," ಎಂದಳು.

ಕೇಸಿನ ಸುದ್ದಿ ತಿಳಿದ ಕಂಪನಿಯವರು ಹೆಸರು ಹಾಕಲು ಒಪ್ಪಿದರೂ ಹೊಸ ಹೊದಿಕೆ ಮಾಡಿಸುವ ಉತ್ಸಾಹ ಅವರಿಗಿರಲಿಲ್ಲ. ಅಂಗಡಿಗಳಿಂದ ವಾಪಸ್ ತರಿಸಿದ ಸಿ.ಡಿ.ಗಳ ಮೇಲೆ 'ಗಾಯನ: ಶ್ಯಾಮಲ ಆವಲಪ್ಪ, ಚಿಂತಾಮಣಿ' ಎಂಬ ಚೀಟಿ ಅಂಟಿಸಿ ಮತ್ತೆ ಕಳಿಸಿದರು. ಅಂಟಿಸಿದವರು ಜಾಗ ನೋಡಿ ಅಂಟಿಸಿರಲಿಲ್ಲ. ಕೆಲವು ಮಿಸ್ ಶೀಲಾಳನ್ನು ಮುಚ್ಚಿದರೆ ಕೆಲವು ಮುರಳಿಮೋಹನನ ಮೂಗಿನ ಮೇಲೆ ಕೂತಿದ್ದವು. ಶ್ಯಾಮಲಮ್ಮ ಹೇಳಿದಂತೆ ಕೇಸು ವಾಪಸ್ ತೆಗೆದುಕೊಂಡಳು, ಅದರ ಜೊತೆ ಮುರಳಿಮೋಹನನ ದೂರೂ ಅಲ್ಲಿಗೇ ನಿಂತಿತು. ಮುರಳಿಮೋಹನ್ ಚುನಾವಣೆಗೆ ನಿಂತು ಸೋತ. ವರ್ಗ ಮಾಡಿಸುವ ಅವನ ಮಾತು ಮಾತಾಗಿಯೇ ಉಳಿಯಿತು. ಸಿ.ಡಿ. ಒಂದು ಆರು ತಿಂಗಳು ಆಟೊಗಳಲ್ಲಿ, ಚಹಾ ಅಂಗಡಿಗಳಲ್ಲಿ ಕೇಳಿಸಿತು. ಆಮೇಲೆ ಬೇರೆ ಹಾಡುಗಳು ಬಂದವು. ಸಾದಲಿಯ ಹೆಂಗಸರು, "ಸಿಸ್ಟರ್, ಅದು ನೀವೇನಾ?" ಎಂದು ಕೇಳಿದರೆ, "ಹೂಂ, ನಾನೇ," ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾತಿಗೆ ಅವಕಾಶ ಕೊಡುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಮುನಿಗಂಗಮ್ಮ ತೀರಿಕೊಂಡಾಗ ಅಣ್ಣ ತಂಗಿ ಒಂದೇ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೂ ಇದ್ದರು. ಒಂದು ಮಾತೂ ಆಡಲಿಲ್ಲ. ಮಣ್ಣು ಹಾಕುವಾಗ ಅವನು ಅಳುತ್ತಿದ್ದುದು ಅವಳಿಗೆ ಕಾಣಿಸಿತು. ಅವಳು ಬೇರೆ ಕಡೆ ನೋಡಿದಳು.

ಕೆಲವು ಭಾನುವಾರ, ಮನೆಯಲ್ಲಿ ಯಾರೂ ಇಲ್ಲದಾಗ, ಅವಳು ಸಿ.ಡಿ. ಹಾಕಿಕೊಳ್ಳುತ್ತಾಳೆ. ನಾಲ್ಕನೆಯ ಹಾಡಿನ ನಡುವೆ ಗಂಡು ದನಿಯೊಂದು ಅವಳ ದನಿಗೆ ಜೊತೆಗೂಡುತ್ತದೆ. ಸ್ಟುಡಿಯೊದಲ್ಲಿ ಅವಳು ಹೆದರಿ ತಾಳ ತಪ್ಪುತ್ತಿದ್ದಾಗ, ಒಬ್ಬಳೇ ಅಲ್ಲ ಕಣೇ, ನಾನೂ ಇದ್ದೀನಿ ಎಂದು ಕೆಂಪರಾಜು ಮೈಕಿನ ಪಕ್ಕ ಬಂದು ನಿಂತು ಹಾಡಿದ ಭಾಗ ಅದು. ಅದು ಶುರುವಾಗುವ ಮುಂಚೆಯೇ ಅವಳು ಎದ್ದು ಹೋಗಿ ಐದನೆಯ ಹಾಡಿಗೆ ಒತ್ತುತ್ತಾಳೆ.